ಬಲಭಾಗದ ಬಿಸಿಲು

ನಮ್ಮ ಛಾವಣಿಯ ಮೇಲೆ ನೀರು ಕಾಯಿಸುವ ಸೋಲಾರ್ ಇದೆ. ಬೇಸಿಗೆಯಲ್ಲಿ, ಯಾರಿಗೂ ಬಿಸಿನೀರು ಬೇಡವಾದಾಗ, ಅದು ಕೈ ಸುಡುವಂಥ ನೀರು ಕೊಡುತ್ತದೆ. ಚಳಿಗಾಲದಲ್ಲಿ ಅದರ ನೀರಿಗೂ ಬಾವಿಯ ನೀರಿಗೂ ಫರಕಿಲ್ಲ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಹೇಳುತ್ತೇನೆ: ನಾನು ಕಿರಿಯ ಸೊಸೆ, ಅದಕ್ಕೆ. ಕೇಳಿದವರು ನಗುತ್ತಾರೆ. ನಾನು ನಗುವುದಿಲ್ಲ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇದೆ, ಈ ವಯಸ್ಸಿನಲ್ಲಿ ಅದನ್ನು ಇಳಿಸಿ ಎಲ್ಲಿಡಲಿ?

ನನ್ನ ತವರು ತೆಲಸಂಗ. ಜೋಳದ ಹೊಲ, ನೀರಿಗೆ ಸದಾ ತತ್ವಾರ. ಸ್ನಾನ ಮಾಡುವಾಗ ಒಂದು ತಂಬಿಗೆ ಹೆಚ್ಚು ಸುರಿದುಕೊಂಡರೂ ಅವ್ವ ಬಚ್ಚಲಿನ ಹೊರಗಿನಿಂದ ಕೂಗುತ್ತಿದ್ದಳು. ರಾಯಬಾಗದ ಕಡೆಯ ಕಬ್ಬಿನ ಮನೆಗೆ ನನ್ನನ್ನು ಕೊಟ್ಟಾಗ ಓಣಿಯವರೆಲ್ಲ, "ಪುಣ್ಯಾ ಮಾಡಿದ್ದಿ ನೋಡವಾ, ಇನ್ನ ನಿನಗ ನೀರಿನ ಚಿಂತಿಲ್ಲ" ಎಂದರು. ನೀರಿನ ಚಿಂತೆ ಇರಲಿಲ್ಲ, ನಿಜ. ಆ ನೀರನ್ನು ಕಾಯಿಸುವವರು ಯಾರು ಎಂದು ಯಾರೂ ಹೇಳಿರಲಿಲ್ಲ.

ಆ ಮನೆಯ ಬಚ್ಚಲಿನಲ್ಲಿ ತಾಮ್ರದ ಬಂಬ ಇತ್ತು. ಸುತ್ತ ನೀರು, ನಡುವೆ ಬೆಂಕಿಯ ಕೊಳವೆ, ಕೆಳಗೊಂದು ಬಾಯಿ. ಆ ಬಾಯಿಗೆ ಉರುವಲು ತುರುಕುತ್ತಾ ಕೂರಬೇಕು. ಉರುವಲು ಎಂದರೆ ರವದಿ, ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ. ಭಗ್ಗೆಂದು ಹತ್ತುತ್ತದೆ, ಅಷ್ಟೇ ಬೇಗ ಆರುತ್ತದೆ, ಹೊಗೆ ಮಾತ್ರ ಹೋಗುವುದಿಲ್ಲ. ಹಿರಿಯ ಸೊಸೆಗೆ ಅಡುಗೆ, ಕಿರಿಯ ಸೊಸೆಗೆ ಬಂಬ ಎಂದು ನಾನು ಹೊಸ್ತಿಲು ದಾಟುವ ಮೊದಲೇ ನಿಶ್ಚಯವಾಗಿತ್ತು. ನಸುಕಿನ ಐದಕ್ಕೆ ಎದ್ದು ಕುಳಿತರೆ ಮಾವ, ಭಾವ, ಗಂಡ, ಅತ್ತೆ, ನೆಗೆಣ್ಣಿ, ಮಕ್ಕಳು ಎಲ್ಲರದೂ ಮುಗಿದು ನನ್ನ ಪಾಳಿ ಬರುವಷ್ಟರಲ್ಲಿ ಬಂಬದಲ್ಲಿ ಉಗುರುಬೆಚ್ಚಗಿನ ತಳದ ನೀರು. ನೆಗೆಣ್ಣಿ ಎಂದರೆ ಭಾವನ, ಅಂದರೆ ಗಂಡನ ಅಣ್ಣನ ಹೆಂಡತಿ. ಅವಳು ತಲೆ ಒರೆಸಿಕೊಳ್ಳುತ್ತಾ ಹೋಗುವಾಗ, "ನೀರ ಭಾಳ ಚಲೋ ಕಾದಿದ್ದೂ ತಂಗಿ" ಎನ್ನುತ್ತಿದ್ದಳು. ಸುಡುಗಾಡು ಚಲೋ.

ಹೀಗೆ ಇಪ್ಪತ್ತು ವರ್ಷ. ಮೊದಲು ಕಣ್ಣು ಉರಿಯುತ್ತಿತ್ತು, ಆಮೇಲೆ ಕೆಮ್ಮು ಬಂತು, ಆಮೇಲೆ ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಪಿಪಿ ಊದಿದ ಹಾಗೆ ಸದ್ದು. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಗಡಿಯಾಚೆಯ ಮಿರಜಿನ ಆಸ್ಪತ್ರೆ. ಗಂಡ ನನ್ನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ವಯಸ್ಸಾದವರು, ಮಾತೆಲ್ಲ ಮರಾಠಿ. ಎದೆಗೆ ಕೊಳವೆ ಇಟ್ಟು ಕೇಳಿ, ಚಿತ್ರ ತೆಗೆಸಿ, ನನ್ನ ಕೈಯನ್ನು ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲಿ ಮಸಿ ಇತ್ತು. "ಧೂರ ಬಂದ ಕರಾ, ಬಾಯಿ. ನಾಹೀತರ ಔಷಧಾಚಾ ಉಪಯೋಗ ನಾಹೀ" ಎಂದರು. ಹೊಗೆ ನಿಲ್ಲಿಸು, ಇಲ್ಲದಿದ್ದರೆ ಔಷಧದಿಂದ ಉಪಯೋಗವಿಲ್ಲ. ಗಂಡ ತಲೆಯಾಡಿಸಿದರು. ಮರುದಿನ ಐದಕ್ಕೆ ನಾನು ಬಂಬದ ಮುಂದೆ ಇದ್ದೆ.

ಕರೆಂಟಿನಲ್ಲಿ ಕಾಯಿಸಬಾರದೇ ಎಂದು ಕೇಳುವವರು ಇರುತ್ತಾರೆ. ಸತ್ತಿ ಎಂಬ ಊರಿನಲ್ಲಿ ನಮ್ಮ ನಾದಿನಿಯ ಮನೆಯಲ್ಲಿ, ನೀರು ಕಾಯಿಸಲು ಕರೆಂಟಿನ ಕಾಯಿಲ್ ಹಾಕಿದ ಬಕೆಟ್ಟಿಗೆ ಕೈ ಅದ್ದಿ ಅವಳ ಅತ್ತೆ ಅಲ್ಲೇ ತೀರಿಕೊಂಡರು. ಅಂದಿನಿಂದ ನನ್ನ ಗಂಡನಿಗೆ ನೀರು ಮತ್ತು ಕರೆಂಟು ಒಂದೇ ಕೋಣೆಯಲ್ಲಿ ಇರಕೂಡದು. ಗ್ಯಾಸಿನದೂ ಬೇಡ, ಅದಕ್ಕೂ ಒಂದು ಹೆದರಿಕೆ. ಹೆಂಡತಿಯ ಎದೆಯಲ್ಲಿ ಹೊಗೆ ತುಂಬಿದರೆ ಮಾತ್ರ ಹೆದರಿಕೆ ಇಲ್ಲ, ಅದು ಸದ್ದು ಮಾಡದೆ ಕೊಲ್ಲುತ್ತದಲ್ಲ.

ಮಾವನವರು ಹೋದ ಎರಡನೆಯ ವರ್ಷ ಮನೆ ಪಾಲಾಯಿತು. ಊರ ಹಿರಿಯರು ನಾಲ್ಕು ಮಂದಿ ಬಂದು ಕಟ್ಟೆಯ ಮೇಲೆ ಕುಳಿತರು. ನಮ್ಮಲ್ಲಿ ಮನೆ ಪಾಲು ಮಾಡಲು ಚೀಟಿ ಎತ್ತುವುದಿಲ್ಲ. ತಲೆಬಾಗಿಲಿನಲ್ಲಿ ಹೊರಗೆ ಮುಖ ಮಾಡಿ ನಿಂತರೆ ಬಲಗೈ ಕಡೆಯದು ಹಿರಿಯನಿಗೆ, ಎಡಗೈ ಕಡೆಯದು ಕಿರಿಯನಿಗೆ. ಅಷ್ಟೇ, ಅದರ ಮೇಲೆ ಮಾತಿಲ್ಲ. ನಮ್ಮದು ಪೂರ್ವದ ಬಾಗಿಲು. ಪೂರ್ವಕ್ಕೆ ಮುಖ ಮಾಡಿ ನಿಂತವನ ಬಲಗೈ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣದ ಅರ್ಧ ಭಾವನಿಗೆ, ಉತ್ತರದ ಅರ್ಧ ನಮಗೆ, ನಡುವೆ ಇಬ್ಬರಿಗೂ ಸೇರಿದ ಸಾಮಾಯಿಕ ಗೋಡೆ.

ಹಗ್ಗ ಹಿಡಿದು ಅಳೆದರು. ಬಾವಿಯ ನೀರಿಗೆ ಪಾಳಿ ಹಾಕಿದರು. ಮಳೆನೀರು ಯಾವ ಕಡೆ ಇಳಿಯಬೇಕು, ಹಿತ್ತಿಲ ಕರಿಬೇವು ಯಾರದು, ಗೋಡೆಗೆ ಮೊಳೆ ಹೊಡೆಯುವ ಅಧಿಕಾರ ಯಾರಿಗೆ ಎಂದೆಲ್ಲ ತೀರ್ಮಾನವಾಯಿತು. ಬಿಸಿಲನ್ನು ಯಾರೂ ಅಳೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಅಳೆಯಲಿಲ್ಲ. ಬಚ್ಚಲು ಎಡಭಾಗದಲ್ಲಿ ಇದ್ದದ್ದರಿಂದ ತಾಮ್ರದ ಬಂಬ ನಮ್ಮ ಪಾಲಿಗೆ ಬಂತು. ನೆಗೆಣ್ಣಿ ಮೂಗು ಮುರಿದಳು. ಅವಳ ಮುಖ ಸಣ್ಣದಾದದ್ದು ನೋಡಿ ನಾನು ಗೆದ್ದೆ ಎಂದುಕೊಂಡೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ನಮ್ಮ ಅರ್ಧದ ಮಣ್ಣಿನ ಗೋಡೆಗಳು ಬೀಳುವ ಹಾಗಿದ್ದವು. ಕೆಡವಿ ಹೊಸದಾಗಿ ಒಂದೇ ಅಂತಸ್ತು ಕಟ್ಟುವುದೆಂದಾಯಿತು. ಜಾಗವನ್ನು ಗಂಡ ನನ್ನ ಹೆಸರಿಗೆ ಮಾಡಿಸಿದರು, ಕಚೇರಿಯ ಕೆಲಸಕ್ಕೆಲ್ಲ ಸಹಿ ನನ್ನದೇ. ಕಟ್ಟಡದ ಪರವಾನಿಗೆಗೆ ನಕ್ಷೆ ತೆಗೆದುಕೊಂಡು ಹೋದ ದಿನ ಎಂಜಿನಿಯರು ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಸೋಲಾರ್ ಎಲ್ಲೈತ್ರಿ ಇದರಾಗ?"

"ಅದ್ಯಾಕ ಬೇಕ್ರೀ?" ಎಂದರು ನನ್ನ ಗಂಡ.

"ಬೇಕ ಅಂದ್ರ ಬೇಕ. ಇಷ್ಟ ಅಳತಿ ಮನೀಗೆ ನೀರ ಕಾಸೂ ಸೋಲಾರ್ ಇಲ್ಲದ ಪರವಾನಿಗಿ ಇಲ್ಲ. ನಕ್ಷಾದಾಗ ತೋರ್ಸಬೇಕು. ಮಾರಿ ದಕ್ಷಿಣಕ್ಕ ಇರಬೇಕು, ನೆಳ್ಳ ಬೀಳಬಾರ್ದು. ಕಟ್ಟಿದ ಮ್ಯಾಲೆ ನಾವು ಬಂದ ನೋಡಿ ಫೋಟೋ ತಗೀತೀವಿ. ಆಮೇಲ ಮುಕ್ತಾಯದ ಪತ್ರ. ಅದಿಲ್ಲದ ಕಾಯಂ ಕರೆಂಟ್ ಕೊಡೂದಿಲ್ಲ."

ಖರ್ಚು ನೆನೆದು ಗಂಡನ ಮುಖ ಬಾಡಿತು. ನನಗೋ ಅಲ್ಲೇ ಕುಣಿಯಬೇಕು ಅನ್ನಿಸಿತು. ಇಪ್ಪತ್ತು ವರ್ಷ ಮನೆಯಲ್ಲಿ ಒಬ್ಬರೂ ಹೇಳದ ಮಾತನ್ನು ಸರ್ಕಾರ ಹೇಳಿತ್ತು. ಈ ಮನೆಯಲ್ಲಿ ಹೊಗೆಯಿಲ್ಲದ ಬಿಸಿನೀರು ಇರಲೇಬೇಕು, ಇಲ್ಲದಿದ್ದರೆ ದೀಪವೂ ಹತ್ತಬಾರದು! ನನಗಾಗಿಯೇ ಯಾರೋ ಕುಳಿತು ಬರೆದ ನಿಯಮ ಅನ್ನಿಸಿತು. ಹೊರಗೆ ಬಂದ ಮೇಲೆ ಆ ಎಂಜಿನಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಗಂಡ ಮಾತ್ರ ಸಂಜೆಯಷ್ಟರಲ್ಲಿ ಉಪಾಯ ತಂದರು. ನಮ್ಮ ಊರಿನಲ್ಲಿ ಒಂದು ಬಾಡಿಗೆ ಸೋಲಾರ್ ಇತ್ತು. ಅರ್ಧ ಊರಿನ ಛಾವಣಿ ಹತ್ತಿ ಇಳಿದದ್ದು. ಕಚೇರಿಯವರು ನೋಡಲು ಬರುವ ದಿನ ಮೇಲೆ ಏರಿಸುವುದು, ಫೋಟೋ ಆದ ಮೇಲೆ ಇಳಿಸಿ ಮುಂದಿನ ಮನೆಗೆ.

"ಎಲ್ಲಾರೂ ಹಿಂಗ ಮಾಡ್ತಾರು. ಮರುದಿನ ಇಳಸಿದ್ರಾತು."

"ಹಂಗಾರ ಮರುದಿನ ನಾನೂ ಇಳೀತೀನಿ ಈ ಮನೀಂದ" ಎಂದೆ. "ತೆಲಸಂಗದ ಬಸ್ ಹತ್ತಿ. ಬಂಬಕ್ಕ ನೀವ ರವದಿ ಹಾಕ್ಕೊಂಡ ಕುಂದರ್ರಿ."

ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಗಂಡ ಒಪ್ಪಿದರು. ಮನೆ ಕಟ್ಟಿ ಮುಗಿದಾಗ ನಿಪ್ಪಾಣಿಯಿಂದ ಸೋಲಾರ್ ಕೂಡಿಸುವವರು ಬಂದರು. ಗಾಜಿನ ನಳಿಗೆಗಳು, ಮೇಲೆ ಬಿಳಿ ಡ್ರಮ್ಮು, ಮುಖ ದಕ್ಷಿಣಕ್ಕೆ. ಬಾಗಿಲಿಗೆ ಬಳಿದು ಉಳಿದ ಕೆಂಪು ಎಣ್ಣೆಬಣ್ಣದಲ್ಲಿ ಡ್ರಮ್ಮಿನ ಮೇಲೆ ನಾನೇ ಸ್ವಸ್ತಿಕ ಬರೆದೆ. ಬಣ್ಣ ತೆಳುವಾಗಿತ್ತು, ಒಂದು ಕಾಲು ಸೋರಿ ಡ್ರಮ್ಮಿನ ಹೊಟ್ಟೆಯವರೆಗೆ ಇಳಿಯಿತು. ಕೂಡಿಸುವವರು ನಕ್ಕರು. ಎಂಜಿನಿಯರು ಬಂದು ನೋಡಿ, ಫೋಟೋ ತೆಗೆದು, ನೆರಳಿಲ್ಲ ಎಂದು ಬರೆದುಕೊಂಡು ಹೋದರು. ಆಗ ಪಕ್ಕದಲ್ಲಿ ಭಾವನ ಹಳೆಯ ತಗ್ಗು ಮಾಳಿಗೆಯ ಮನೆ ಇತ್ತು, ನೆರಳು ಎಲ್ಲಿಂದ ಬೀಳಬೇಕು?

ಅದರ ಮೊದಲ ಚಳಿಗಾಲದ ಮೊದಲ ಸ್ನಾನ ನನಗೆ ಇನ್ನೂ ನೆನಪಿದೆ. ನಲ್ಲಿ ತಿರುಗಿಸಿದೆ, ತಣ್ಣಗೆ ಬಂತು, ಕೈ ಹಿಡಿದೇ ನಿಂತೆ, ಬೆಚ್ಚಗಾಯಿತು, ಆಮೇಲೆ ಸುಟ್ಟಿತು. ಯಾರೂ ಏನೂ ಉರಿಸಿರಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಾನು ಸ್ನಾನ ಮಾಡಿದೆ. ತಲೆಯ ಮೇಲೆ ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಂಡು ಬಚ್ಚಲಿನಲ್ಲಿ ಅತ್ತುಬಿಟ್ಟೆ. ಸುಖಕ್ಕೆ ಅತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಬಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಅಟ್ಟದ ಮೇಲೆ ಇಟ್ಟೆವು. ಎರಡು ಚಳಿಗಾಲ ಹೀಗೆ ಹೋದವು. ಉಸಿರಾಡುವಾಗಿನ ಸದ್ದು ನಿಂತಿತು. ಮೆಟ್ಟಿಲು ಹತ್ತಿ ಛಾವಣಿಗೆ ಹೋಗಿ ಆ ಡ್ರಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸಿ ಬರುತ್ತಿದ್ದೆ. ಮಿರಜಿನ ಡಾಕ್ಟರು ಗುಳಿಗೆ ಕಡಿಮೆ ಮಾಡಿದರು.

ಮೂರನೆಯ ವರ್ಷದ ದಸರೆ. ನಮ್ಮ ಕಡೆ ಆ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ವರ್ಷದ ಜಗಳ, ಮುನಿಸು ಎಲ್ಲ ಅಲ್ಲಿಗೆ ಬಿಡಬೇಕು. ಬಂದವರ ಕೈಯ ಎಲೆಯನ್ನು ಬಂಗಾರ ಎಂದು ಇಸಕೊಳ್ಳಬೇಕು, ಆ ದಿನ ಯಾರಿಗೂ ಇಲ್ಲ ಅನ್ನಬಾರದು. ಪಾಲಾದ ಮೇಲೆ ನಮ್ಮ ಹೊಸ್ತಿಲು ತುಳಿಯದಿದ್ದ ಭಾವ, ನೆಗೆಣ್ಣಿ ಇಬ್ಬರೂ ಬಂದರು. ನನಗೆ ಕಣ್ಣು ತುಂಬಿತು. ನೆಗೆಣ್ಣಿ ನನ್ನ ಕೈಯಲ್ಲಿ ಎಲೆ ಇಟ್ಟು, "ಆಗಿದ್ದ ಆಗಿಹೋತು ತಂಗಿ, ಬಂಗಾರದಂಗ ಇರೂಣು" ಎಂದು ತಬ್ಬಿಕೊಂಡಳು. ಚಹಾ ಆಯಿತು. ಭಾವ ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದರು.

"ಮನಿ ಏರ್ಸಬೇಕಂತ ಮಾಡೀನವಾ. ಗೋಡಿ ಸಾಮಾಯಿಕ ಐತೆಲ್ಲಾ, ನಿಂದೂ ಒಂದ ಸಹಿ ಬೇಕಂತಾರು."

ಓದಿದೆ. ಓದದೆ ಸಹಿ ಹಾಕಿದೆ ಎಂದು ಹೇಳಿಕೊಂಡು ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಆದರೆ ಓದಿದೆ. ದಕ್ಷಿಣದ ಕಡೆ ಎರಡು ಅಂತಸ್ತು ಹೆಚ್ಚಿಗೆ ಕಟ್ಟಲು ಉತ್ತರದ ಮನೆಯವರಾದ ನಮ್ಮ ತಕರಾರು ಇಲ್ಲ ಎಂದಿತ್ತು. ನನ್ನ ಎಡಗೈಯಲ್ಲಿ ಬನ್ನಿ, ಬಲಗೈಯಲ್ಲಿ ಪೆನ್ನು. ಗಂಡ ನನ್ನ ಮುಖ ನೋಡುತ್ತಿದ್ದರು. ಆ ದಿನ ಇಲ್ಲ ಅನ್ನುವುದು ಹೇಗೆ? ಮನೆ ಅವರದು, ಏರಿಸಲಿ ಬಿಡು ಎಂದುಕೊಂಡು ಬರೆದೆ. ತಲೆಯ ಮೇಲಿದ್ದ ಸೋಲಾರ್ ನೆನಪಿಗೇ ಬರಲಿಲ್ಲ. ಗೋಡೆ ಏರಿದರೆ ನೆರಳೂ ಏರುತ್ತದೆ ಎನ್ನುವಷ್ಟು ಬುದ್ಧಿ ಕೋಳಿಗೂ ಇರುತ್ತದೆ. ನನಗಿರಲಿಲ್ಲ.

ಮುಂದಿನ ದಸರೆಯ ಹೊತ್ತಿಗೆ ಭಾವನ ಮನೆ ನಮ್ಮದಕ್ಕಿಂತ ಎರಡಾಳು ಮಿಕ್ಕಿ ಎತ್ತರಕ್ಕೆ ನಿಂತಿತ್ತು. ಅದರ ಮೇಲೆ ಮೆಟ್ಟಿಲ ಕೋಣೆ, ಅದರ ಮೇಲೆ ನೀರಿನ ಟಾಕಿ. ಬೇಸಿಗೆಯಲ್ಲಿ ಏನೂ ಗೊತ್ತಾಗಿರಲಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದಾಗ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿ ಕೈ ಹಿಡಿದು ನಿಂತೆ. ತಣ್ಣಗೆ ಬಂತು. ನಿಂತೇ ಇದ್ದೆ. ಬಕೆಟ್ಟು ತುಂಬಿತು. ಮೇಲೆ ಹತ್ತಿ ನೋಡಿದರೆ ನಮ್ಮ ಇಡೀ ಛಾವಣಿ ಕತ್ತಲೆಗೆ ಬಿದ್ದಿತ್ತು. ಮಧ್ಯಾಹ್ನಕ್ಕೆ ಆಚೆ ತುದಿಯಲ್ಲಿ ಒಂದು ಪಟ್ಟಿ ಬಿಸಿಲು ಬಂತು, ನಾಲ್ಕು ಒಣಮೆಣಸಿನಕಾಯಿ ಹರವುವಷ್ಟು. ಮೂರಕ್ಕೆ ಅದೂ ಹೋಯಿತು.

ನಿಪ್ಪಾಣಿಯವರನ್ನು ಕರೆಸಿದೆವು. ಅವರು ಗೋಡೆ ನೋಡಿದರು, ಆಕಾಶ ನೋಡಿದರು.

"ಬಾಯಾರ, ಸೋಲಾರದ್ದ ಏನೂ ತಪ್ಪಿಲ್ರೀ. ಚಳಿಗಾಲದಾಗ ಸೂರ್ಯಾ ದಕ್ಷಿಣಕ್ಕ ವಾಲ್ತಾನು, ಅವರ ಗ್ವಾಡಿ ಅಡ್ಡ ಬರ್ತೈತಿ. ಬ್ಯಾಸಗ್ಯಾಗ ನೆತ್ತೀ ಮ್ಯಾಲೆ ಬರ್ತಾನು, ಆವಾಗ ನೀರ ಸುಡ್ತಾವು."

"ಬ್ಯಾಸಗ್ಯಾಗ ಸುಡೂ ನೀರ ತಗೊಂಡ ಏನ ಮಾಡ್ಲೀ ನಾನು? ತಲೀ ಬೋಳಿಸಿಕೊಳ್ಳಲೀ?"

ಪಾಪ, ಅವರೇನು ಮಾಡಿಯಾರು. ಒಂದು ದಾರಿ ಹೇಳಿದರು. ಇದನ್ನೇ ಭಾವನ ಮೇಲಿನ ಛಾವಣಿಯ ಅಂಚಿಗೆ ಇಟ್ಟು, ಪೈಪನ್ನು ಗೋಡೆಯ ಮೇಲಿಂದ ನಮ್ಮ ಬಚ್ಚಲಿಗೆ ಇಳಿಸಿದರೆ ವರ್ಷವಿಡೀ ನೀರು. ಮೆಟ್ಟಿಲ ಕೋಣೆ, ಟಾಕಿ ಬಿಟ್ಟರೆ ಭಾವನ ಆ ಛಾವಣಿ ಬಟಾಬಯಲಾಗಿತ್ತು. ನಿಯಮ ಅವರಿಗೂ ಇತ್ತಲ್ಲ, ನಕ್ಷೆಯಲ್ಲಿ ಸೋಲಾರ್ ಚಿತ್ರವೂ ಇತ್ತು. ಕೂಡಿಸಿರಲಿಲ್ಲ. "ಹಗಲೆಲ್ಲಾ ಡ್ರಮ್ಮಿನಾಗ ಕುಂತ ತಂಗಳ ನೀರ ಯಾರ ಮೈಮ್ಯಾಲೆ ಹಾಕ್ಕೋತಾರು" ಎನ್ನುತ್ತಿದ್ದರು. ಸದ್ಯಕ್ಕೆ ಹಳೆಯ ಮನೆಯ ಮೀಟರಿನ ಮೇಲೇ ಮೂರು ಬಚ್ಚಲಿಗೆ ಮೂರು ಕರೆಂಟಿನ ಗೀಸರು ಹಾಕಿಸಿಕೊಂಡಿದ್ದರು.

ಗಂಡನನ್ನು ಮುಂದೆ ಮಾಡಿಕೊಂಡು ಹೋಗಿ ಕೇಳಿದೆ. "ಭಾವಾರ, ನಿಮ್ಮ ಮಾಳಗಿ ಅಂಚಿನಾಗ ಮೂರ ಹೆಜ್ಜಿ ಜಾಗಾ ಕೊಡ್ರಿ. ನನಗ ಹೊಗಿ ಆಗೂದಿಲ್ಲ, ನಿಮಗ ಗೊತ್ತೈತಿ."

ಭಾವ ಬಹಳ ಹೊತ್ತು ಯೋಚಿಸಿದವರಂತೆ ಗಲ್ಲ ಕೆರೆದುಕೊಂಡರು. "ಕೊಡಬಾರ್ದಂತಲ್ಲವಾ. ನಮ್ಮ ಮನೀ ಉತ್ತರಕ್ಕ ಭಾರ ಇಡಬಾರ್ದು ಅಂತ ವಾಸ್ತು ಹೇಳಾವ್ರು ಹೇಳ್ಯಾರು. ಉತ್ತರ ಹಗೂರ ಇರಬೇಕಂತ."

ಅವರ ಉತ್ತರ ಹಗುರ ಇರಬೇಕು. ನನ್ನ ಎದೆ ಎಷ್ಟಾದರೂ ಭಾರ ಇರಲಿ.

ಬಂಬ ಅಟ್ಟದಿಂದ ಇಳಿಯಿತು. ಮೊದಲ ವಾರ ಗಂಡ ತಾವೇ ಉರಿ ಹಾಕುತ್ತೇನೆ ಎಂದು ಕುಳಿತರು. ಎಂಟನೆಯ ದಿನ ಸೊಂಟ ಹಿಡಿಯಿತು. ಒಂಬತ್ತನೆಯ ದಿನ ನಾನು ಕುಳಿತೆ. ತಿಂಗಳು ತುಂಬುವ ಮೊದಲೇ ಪಿಪಿಯ ಸದ್ದು ವಾಪಸು ಬಂತು.

ಕಚೇರಿಗೆ ಹೋದೆ. ಅದೇ ಎಂಜಿನಿಯರು. ನೆರಳು ಬೀಳಬಾರದು ಎಂದು ನೀವೇ ಹೇಳಿದ್ದಿರಿ, ಈಗ ಬಿದ್ದಿದೆ, ಬಿಡಿಸಿ ಎಂದೆ. ಅವರು ಫೈಲು ತರಿಸಿ ಸಾವಕಾಶ ಓದಿದರು.

"ನೀವ ಕಟ್ಟುವಾಗ ನೆಳ್ಳ ಇದ್ದಿಲ್ಲ, ನಿಮ್ಮದ ಸರಿ ಐತಿ. ಅವ್ರು ಪರವಾನಿಗಿ ತಗೊಂಡ ಕಟ್ಯಾರು, ಅವರ್ದೂ ಸರಿ ಐತಿ."

"ಇಬ್ಬರ್ದೂ ಸರಿ ಇದ್ರ ನನ್ನ ಬಿಸಲ ಎಲ್ಲಿ ಹೋತ್ರಿ?"

"ನಿಮ್ಮ ಬಿಸಲ ನಿಮಗ ಇರಬೇಕನ್ನೂ ನಿಯಮ ಇಲ್ರೀ ಬಾಯಾರ. ಸೋಲಾರ್ ಇರಬೇಕನ್ನೂದು ಅಷ್ಟ ಐತಿ." ಆಮೇಲೆ ಒಂದು ಹಾಳೆ ನನ್ನ ಕಡೆ ತಿರುಗಿಸಿದರು. "ಮ್ಯಾಲೆ ನಿಮ್ಮದ ಸಹಿನೂ ಐತಲ್ರಿ."

ಇತ್ತು. ಕೆಳಗೆ ದಸರೆಯ ತಾರೀಕು. ಬನ್ನಿ ಹಿಡಿದ ಕೈಯಲ್ಲಿ ಕಾಗದ ಒತ್ತಿ ಹಿಡಿದಿದ್ದಕ್ಕೆ ಮೂಲೆಯಲ್ಲಿ ಹಸಿರು ಕಲೆ ಕೂಡ ಇತ್ತು. ಹಾಳೆಯನ್ನು ವಾಪಸು ಅವರ ಕಡೆ ತಳ್ಳಿ ಎದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಗೂಡಂಗಡಿಯಲ್ಲಿ ಚಹಾ ಕುಡಿದು ಮನೆಗೆ ಬಂದೆ.

ಸಂಕ್ರಾಂತಿಯ ಮುಂಚಿನ ವಾರ ಭಾವ ತಾವಾಗಿ ಬಂದರು. ಮುಖದ ತುಂಬ ನಗು. ಅವರ ಮನೆಯ ಮುಕ್ತಾಯದ ಪತ್ರಕ್ಕೆ ಕಚೇರಿಯವರು ನೋಡಲು ಬರುವವರಿದ್ದರು. ಊರಿನ ಬಾಡಿಗೆ ಸೋಲಾರಿನ ನಳಿಗೆಗಳು ಹತ್ತಿ ಇಳಿದು ಒಡೆದುಹೋಗಿದ್ದವು. ಅದರ ಮೇಲೆ ಈಗ ಬರುವ ಅಧಿಕಾರಿಗಳು ಫೋಟೋ ಅಷ್ಟೇ ತೆಗೆಯುವುದಿಲ್ಲ, ನಲ್ಲಿ ತಿರುಗಿಸಿ ಕೈ ಇಟ್ಟು ನೋಡುತ್ತಾರೆ ಎಂದು ಸುದ್ದಿ.

"ಎರಡ ದಿನದ ಮಾತು. ನಿಮ್ಮದ ಸೋಲಾರ್ ನಮ್ಮ ಮ್ಯಾಲೆ ಇಡೂಣು. ಹೆಂಗೂ ಅಲ್ಲಿ ಅದಕ್ಕ ಬಿಸಲ ಬೀಳೂದಿಲ್ಲ. ಹೊರಗಿಂದ ಯಾಕ ತರೂದು, ಮನ್ಯಾಗ ಐತಲ್ಲ."

ಮನೆ! ಅವರಿಗೆ ಬೇಕಾದಾಗ ಅದು ಒಂದು ಮನೆ, ಬೇಡವಾದಾಗ ಎರಡು. ನನ್ನ ಬಿಸಿಲು ತಿಂದ ಬಾಯಲ್ಲೇ ನನ್ನ ಸೋಲಾರಿಗೆ ಬಿಸಿಲಿಲ್ಲ ಅನ್ನುತ್ತಾರೆ. ನೆತ್ತಿಗೇರಿತು. ಆದರೂ ಒಂದು ಆಸೆ ಹುಟ್ಟಿತು ನೋಡಿ, ಆಸೆಗೆ ನಾಚಿಕೆ ಎಲ್ಲಿರುತ್ತದೆ?

"ಕೊಡ್ತೀನಿ" ಎಂದೆ. "ಆದರ ಇಟ್ಟಿದ್ದ ಅಲ್ಲೇ ಇರ್ಲಿ ಭಾವಾರ. ನಾ ನನ್ನ ಬಚ್ಚಲಕ್ಕ ಪೈಪ್ ಎಳಕೋತೀನಿ. ನಿಮ್ಮ ಕಾಗದಕ್ಕೂ ಸೋಲಾರ್ ಆತು, ನನ್ನ ಜೀವಕ್ಕೂ ಆತು."

ಭಾವ ನೆಲ ನೋಡಿದರು. "ನೋಡೂಣಂತ ತಗೋವಾ" ಎಂದರು.

ಈ ಮನೆಯಲ್ಲಿ ಹಿರಿಯರು ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಮದುವೆಯಾಗಿ ಬಂದ ಮೊದಲ ವರ್ಷವೇ ನನಗದು ಗೊತ್ತಾಗಿತ್ತು. ತವರಿಗೆ ಹೋಗಲೇ ಎಂದರೆ ನೋಡೋಣ, ಹೊಲಿಗೆ ಕಲಿಯಲೇ ಎಂದರೆ ನೋಡೋಣ. ಗೊತ್ತಿದ್ದೂ ಈ ಸಲ ಅದನ್ನು ಹೂಂ ಎಂದೇ ಕೇಳಿಸಿಕೊಂಡೆ. ಕೇಳಿಸಿಕೊಳ್ಳಬೇಕಾಗಿತ್ತು, ಕೇಳಿಸಿಕೊಂಡೆ.

ನಾಲ್ಕು ಜನ ಆಳು ಬಂದು ನಳಿಗೆ ಬಿಚ್ಚಿ, ಡ್ರಮ್ಮಿಗೆ ಹಗ್ಗ ಕಟ್ಟಿ ಸಾಮಾಯಿಕ ಗೋಡೆಯ ಮೇಲಿಂದ ಏರಿಸಿದರು. ಉತ್ತರದ ಅಂಚಿನಲ್ಲೇ ಇಟ್ಟರು. ಆ ಎರಡು ದಿನ ವಾಸ್ತು ಎಲ್ಲಿಗೋ ಊರಿಗೆ ಹೋಗಿತ್ತು. ಮೊದಲ ದಿನವೆಲ್ಲ ಅದು ಬಿಸಿಲು ಕುಡಿಯಿತು. ಮರುದಿನ ಬೆಳಿಗ್ಗೆ ಅಧಿಕಾರಿ ಬರುವ ಮೊದಲೇ ನಾನು ಎರಡು ಬಕೆಟ್ಟು ಹಿಡಿದು ಭಾವನ ಮೆಟ್ಟಿಲು ಹತ್ತಿದೆ. ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ನಲ್ಲಿಗೆ ಕೈ ಹಿಡಿದರೆ, ಯವ್ವಾ, ಸುಟ್ಟಿತು. ಅದು ಕೆಟ್ಟಿರಲಿಲ್ಲ. ಅದಕ್ಕೆ ಬಿಸಿಲೊಂದು ಬೇಕಾಗಿತ್ತು. ನೆಗೆಣ್ಣಿ ನನ್ನ ಹಿಂದೆಯೇ ಬಂದು ನಿಂತು, "ಪೂರಾ ಖಾಲಿ ಮಾಡಬ್ಯಾಡ ತಂಗಿ, ಸಾಹೇಬ್ರು ಕೈ ಇಟ್ಟ ನೋಡ್ತಾರಂತ" ಎಂದಳು. ಒಂದೇ ಬಕೆಟ್ಟು ತಂದೆ. ಎಷ್ಟೋ ದಿನದ ಮೇಲೆ ಹೊಗೆಯಿಲ್ಲದ ಬಿಸಿನೀರು ಮೈಮೇಲೆ ಬಿತ್ತು. ಸೋಪು ಹಚ್ಚಿಕೊಳ್ಳಲಿಲ್ಲ, ನೀರು ಸಾಲದೆ ಹೋದೀತು ಎಂದು.

ಹನ್ನೊಂದಕ್ಕೆ ಅಧಿಕಾರಿ ಬಂದರು, ಕೈ ಇಟ್ಟರು, ಬೆರಳು ಹಿಂದಕ್ಕೆ ಎಳೆದುಕೊಂಡು ನಕ್ಕರು, ಫೋಟೋ ತೆಗೆದರು. ಮಧ್ಯಾಹ್ನ ಮೂರಕ್ಕೆ ಆಳುಗಳು ಮತ್ತೆ ಬಂದರು. ನಾನು ಪೈಪು ಜೋಡಿಸುವವರು ಎಂದುಕೊಂಡೆ. ಅವರು ಹಗ್ಗ ತಂದಿದ್ದರು.

"ಭಾವಾರ, ನೋಡೂಣು ಅಂದಿದ್ರಿ" ಎಂದು ಅಂಗಳದಿಂದ ಕೂಗಿದೆ.

ಮೇಲಿನಿಂದ ಭಾವನ ದನಿ ಬಂತು. "ನೋಡಿದ್ನಲ್ಲವಾ. ಉತ್ತರಕ್ಕ ಭಾರ ಆಕ್ಕೈತಿ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಓಣಿಯವರು ಬಾಗಿಲಿಗೆ ಬಂದರು. ಗಂಡ ನನ್ನ ತೋಳು ಹಿಡಿದು ಒಳಗೆ ಎಳೆದರು. ಒಂದು ನಳಿಗೆಯೂ ಒಡೆಯದಂತೆ ಜೋಪಾನವಾಗಿ ಇಳಿಸಿ, ಮೊದಲಿದ್ದ ಜಾಗದಲ್ಲೇ, ಮುಖ ದಕ್ಷಿಣಕ್ಕೆ ಮಾಡಿ, ನೆರಳಿನಲ್ಲಿ ಕೂಡಿಸಿ ಹೋದರು. ಒಡೆದಿದ್ದರೆ ಆ ನೆವದಲ್ಲಾದರೂ ಒಂದು ಜಗಳ ಗೆಲ್ಲುತ್ತಿದ್ದೆ.

ಸುಮ್ಮನೆ ಕೂರುವವಳಲ್ಲ ನಾನು. ಮರುವಾರ ಕಚೇರಿಗೆ ಹೋಗಿ ಎರಡೂ ಮನೆಯ ಫೈಲು ತೆಗೆಸಿದೆ. ಎರಡು ಫೋಟೋ ಅಕ್ಕಪಕ್ಕ ಇಟ್ಟೆ. ಎರಡರಲ್ಲೂ ಅದೇ ಬಿಳಿ ಡ್ರಮ್ಮು, ಅದೇ ಕೆಂಪು ಸ್ವಸ್ತಿಕ, ಹೊಟ್ಟೆಯವರೆಗೆ ಸೋರಿದ ಅದೇ ಒಂದು ಕಾಲು.

"ಈ ಸ್ವಸ್ತಿಕ ನನ್ನ ಕೈಲೆ ಬರದದ್ದು" ಎಂದೆ. "ಎರಡ ಮನೀಗೆ ಒಂದ ಸೋಲಾರ್ ತೋರ್ಸ್ಯಾರು. ಈಗೇನಂತೀರಿ?"

ಎಂಜಿನಿಯರು ಕನ್ನಡಕ ಏರಿಸಿ ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದು ಅವರ ಮುಖದಲ್ಲಿ ಕಂಡಿತು. ಎರಡೂ ಫೋಟೋ ಫೈಲಿಗೆ ಸೇರಿಸಿ ದಾರ ಕಟ್ಟಿದರು.

"ಎಲ್ಲಾರೂ ಸ್ವಸ್ತಿಕ ಬರೀತಾರ್ರಿ ಬಾಯಾರ" ಎಂದರು.

ಸಂಕ್ರಾಂತಿ ಆದ ಮೇಲೆ ಉಸಿರು ಪೂರ್ತಿ ಕಟ್ಟಿ ಮಿರಜಿಗೆ ಹೋದೆವು. ಅದೇ ಡಾಕ್ಟರು. ಕೊಳವೆ ಇಟ್ಟು ಕೇಳಿದರು, ಹಳೆಯ ಕಾಗದ ತಿರುವಿದರು, ಹುಬ್ಬು ಗಂಟಿಕ್ಕಿದರು. "ಧೂರ ಬಂದ ಝಾಲಾ ನಾ?" ಹೊಗೆ ನಿಂತಿದೆ ತಾನೆ ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಗಂಡ ಉತ್ತರ ಕೊಟ್ಟರು. "ಹೋ ಡಾಕ್ಟರ್. ಘರೀ ಸೋಲಾರ್ ಆಹೇ." ಮನೆಯಲ್ಲಿ ಸೋಲಾರ್ ಇದೆ. ಡಾಕ್ಟರರ ಎದುರು ಮರ್ಯಾದೆ ಹೋಗಬಾರದಲ್ಲ. ಸುಳ್ಳು ಎಂದು ಕೂಗಬೇಕೆಂದು ಉಸಿರು ಎಳೆದೆ. ಕೆಮ್ಮು ಬಂತು. ಬಗ್ಗಿ, ಸೆರಗು ಬಾಯಿಗೆ ಒತ್ತಿ ಕೆಮ್ಮಿದೆ, ನಿಲ್ಲಲೇ ಇಲ್ಲ. ಅದು ನಿಂತು ನಾನು ತಲೆ ಎತ್ತುವಷ್ಟರಲ್ಲಿ ಡಾಕ್ಟರು ಬರೆದು ಮುಗಿಸಿದ್ದರು. ಹೊಗೆ ಇಲ್ಲದ ಮೇಲೂ ಹೀಗಾಗುತ್ತಿದೆ ಎಂದರೆ ಕಾಯಿಲೆ ಬೇರೆಯೇ ಇರಬೇಕು ಎಂದು ಗುಳಿಗೆ ಬದಲಿಸಿದ್ದರು. ಮುಂದಿನವರು ಒಳಗೆ ಬಂದಾಗಿತ್ತು.

ಈಗ ನನ್ನ ಹೊಗೆ ನಿಂತಿದೆ ಎಂದು ಎರಡು ಕಡೆ ದಾಖಲೆ ಇದೆ. ಒಂದು ಊರಿನ ಕಚೇರಿಯಲ್ಲಿ, ಒಂದು ಮಿರಜಿನಲ್ಲಿ. ಮಿರಜಿನಿಂದ ಬಂದ ಮರುದಿನ ಐದಕ್ಕೆ ಎದ್ದು ಬಂಬಕ್ಕೆ ರವದಿ ತುರುಕಿ ಕಡ್ಡಿ ಗೀರಿದೆ.